435ನೆಯ ಚರ್ಚೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯ ಫೋನುಗಳಲ್ಲಿ ಒಂದು ಪದ ಓಡಾಡುತ್ತಿರುತ್ತದೆ: ರ‍್ಯಾಂಕ್. ಓದುವವರು ಅದನ್ನು ಓದಿ ಖುಷಿಪಟ್ಟು ಮುಂದೆ ಕಳಿಸುತ್ತಾರೆ. ಆ ಪದ ಪರದೆಯ ಮೇಲೆ ಸರಿಯಾಗಿ ಮೂಡುವುದರ ಹಿಂದೆ ಎಷ್ಟು ಜಗ್ಗಾಟ ನಡೆದಿದೆ ಎಂಬುದು ಯಾರಿಗೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆದರೆ ನನಗೆ ಅದನ್ನು ಹೇಳುವ ಆಸೆ.

ಕನ್ನಡದಲ್ಲಿ ರ ಮತ್ತು ಯ ಕೂಡಿದರೆ ಎರಡು ರೂಪ ಬರಬಹುದು. ಸೂರ್ಯ, ಕಾರ್ಯ ಎಂದು ಬರೆದಾಗ ಯ ನಿಂತುಕೊಂಡು ರಕಾರ ಅರ್ಕಾವೊತ್ತಾಗಿ ಪಕ್ಕಕ್ಕೆ ಬರುತ್ತದೆ. ರ‍್ಯಾಂಕ್, ರ‍್ಯಾಲಿ ಎಂದು ಬರೆದಾಗ ರ ತಾನೇ ನಿಂತುಕೊಂಡು ಯ ಅದರ ಒತ್ತಾಗುತ್ತದೆ. ನಮ್ಮ ಕಣ್ಣಿಗೆ ಇವು ಬೇರೆ ಬೇರೆ. ಯಂತ್ರಕ್ಕೆ ಎರಡೂ ರ, ಹಲಂತ, ಯ ಎಂಬ ಒಂದೇ ಸಾಲು. ಎರಡನ್ನೂ ಬೇರ್ಪಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕು. ಅದು ರ ಆದ ಕೂಡಲೇ, ಹಲಂತಕ್ಕೆ ಮೊದಲು ಬರಬೇಕು ಎಂಬುದು ಯೂನಿಕೋಡ್ ಹಾಕಿಕೊಟ್ಟ ಕ್ರಮ. ಆದರೆ ಹಲಂತವನ್ನು ಮೊದಲು ಒತ್ತಿ ಆಮೇಲೆ ಜೋಡಕ ಒತ್ತುವ ಹಳೆಯ ರೂಢಿಯೂ ಇತ್ತು. ಹಾಗೆ ಬರೆದಿಟ್ಟ ಪಠ್ಯವೂ ಇದೆ, ಅದನ್ನು ಓದುವವರೂ ಇದ್ದಾರೆ.

ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವೊಂದಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲದರ ಒಳಗೆ ಕೂತು ಅಕ್ಷರಕ್ಕೆ ಒತ್ತು, ಗುಣಿತ ಜೋಡಿಸಿಕೊಡುವುದು ಅದರ ಕೆಲಸ. ಅದರಲ್ಲಿ ಭಾರತೀಯ ಲಿಪಿಗಳನ್ನು ನೋಡಿಕೊಳ್ಳುವ ಭಾಗದಲ್ಲಿ ಕನ್ನಡಕ್ಕೆಂದೇ ಬರೆದ ಕೆಲವೇ ಸಾಲುಗಳ ಒಂದು ತುಂಡಿದೆ. ಲಿಪಿ ಕನ್ನಡವಾಗಿದ್ದು, ರ, ಹಲಂತ, ಜೋಡಕ ಎಂಬ ಕ್ರಮ ಎದುರಾದರೆ ಕೊನೆಯ ಎರಡನ್ನು ಅದಲುಬದಲು ಮಾಡು ಎಂದಷ್ಟೇ ಅದು ಹೇಳುತ್ತದೆ. ಮೇಲೊಂದು ಟಿಪ್ಪಣಿ: ಕನ್ನಡದ ಹಳೆಯ ಬಳಕೆಗೆ ಹೊಂದಿಕೆಯಾಗಲೆಂದು ಹೀಗೆ ಮಾಡಿದೆ, ವಿವರಕ್ಕೆ 435ನೆಯ ಇಶ್ಯೂ, ಎಂದರೆ ಯೋಜನೆಯ ತಾಣದಲ್ಲಿ ಆ ಸಂಖ್ಯೆಯಡಿ ನಡೆದ ಚರ್ಚೆ, ನೋಡಿ.

ಈ ಟಿಪ್ಪಣಿಯನ್ನು ಮೊದಲು ಕಂಡಾಗ ನನಗಾದ ಸಂತೋಷ ಇನ್ನೂ ಇಳಿದಿಲ್ಲ. ಆ ಸಂಖ್ಯೆ ಇಲ್ಲದೇ ಹೋಗಿದ್ದರೆ ಏನಾಗಬಹುದಿತ್ತು, ಯೋಚಿಸಿ. ಹತ್ತು ವರ್ಷ ಬಿಟ್ಟು ಶ್ರದ್ಧೆಯ ಒಬ್ಬ ಪ್ರೋಗ್ರಾಮರ್ ಬರುತ್ತಾನೆ. ಕನ್ನಡ ಗೊತ್ತಿಲ್ಲ, ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಇಷ್ಟೆಲ್ಲ ಲಿಪಿಗಳ ನಡುವೆ ಒಂದೇ ಒಂದು ಲಿಪಿಗೆ ಈ ವಿಶೇಷ ಉಪಚಾರ ಯಾಕೆ ಎಂದು ಅವನಿಗೆ ಅನಿಸುತ್ತದೆ. ಕೋಡ್ ಚೊಕ್ಕಟ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಆ ಸಾಲುಗಳನ್ನು ತೆಗೆದುಹಾಕುತ್ತಾನೆ. ಹೊಸ ಕ್ರಮದಲ್ಲಿ ಬರೆದ ಕನ್ನಡವೆಲ್ಲ ಸರಿಯಾಗೇ ಕಾಣುತ್ತದೆ, ಹಳೆಯ ರೂಢಿಯಲ್ಲಿ ಬರೆದಿಟ್ಟ ಪಠ್ಯ ಮಾತ್ರ ಅಲ್ಲಲ್ಲಿ ಕೆಡುತ್ತದೆ. ಓದುಗರು ತಮ್ಮ ಫೋನೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಆ ಮೂರಂಕಿ ಇರುವುದರಿಂದ ಅವನು ನಿಲ್ಲುತ್ತಾನೆ, ಹೋಗಿ ಓದುತ್ತಾನೆ, ಓದಿ ಬಿಟ್ಟುಬಿಡುತ್ತಾನೆ.

ನಾನು ಕೆಲಸ ಮಾಡುವುದು ಭಟ್ಕಳ ತಾಲ್ಲೂಕಿನ ಬೆಳಕೆಯಲ್ಲಿ, ಮನೆಯಲ್ಲೇ ಕೂತು. ಹಗಲು ಸಂಬಳದ ಕೆಲಸ, ಸಂಜೆ ಮುಕ್ತ ತಂತ್ರಾಂಶದ ಕೆಲಸ. ಜೊತೆಗಾರರಲ್ಲಿ ಹೆಚ್ಚಿನವರ ಮುಖ ನಾನು ನೋಡಿಲ್ಲ. ನಾನು ಮಲಗುವಾಗ ಅವರಲ್ಲಿ ಕೆಲವರು ಏಳುತ್ತಾರೆ. ಎದುರುಬದುರು ಕೂತು ಕೇಳಿ ತಿಳಿಯುವ ಸೌಕರ್ಯ ನಮಗಿಲ್ಲ. ಹಾಗಾಗಿ ಬರೆದದ್ದೇ ಎಲ್ಲ. ಬರೆದದ್ದರಲ್ಲೂ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಮಿಟ್ ಸಂದೇಶ.

ಈ ಕೆಲಸದಲ್ಲಿಲ್ಲದವರಿಗೆ ಒಂದು ಮಾತು. ತಂತ್ರಾಂಶದ ಕೋಡಿನಲ್ಲಿ ಯಾರೇ ಏನೇ ಬದಲಿಸಿದರೂ ಅದನ್ನು ಒಂದು ಕಟ್ಟಾಗಿ ಕಟ್ಟಿ ದಾಖಲೆಗೆ ಸೇರಿಸುತ್ತಾರೆ. ಅದೇ ಕಮಿಟ್. ಜೊತೆಗೆ ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ಒಂದು ಟಿಪ್ಪಣಿ ಬರೆಯಬೇಕು. ಅದೇ ಕಮಿಟ್ ಸಂದೇಶ. ಇವತ್ತು ಬಹುಪಾಲು ಎಲ್ಲರೂ ಇದಕ್ಕೆ ಬಳಸುವ ಗಿಟ್ ಎಂಬ ಸಾಧನವನ್ನು ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕೆಲಸಕ್ಕಾಗಿ ಬರೆದರು. ಗಿಟ್‌ನ ಒಂದು ಗುಣವನ್ನು ನೆನಪಿಟ್ಟುಕೊಳ್ಳಬೇಕು. ಕಮಿಟ್‌ನ ಗುರುತಾದ ನಲವತ್ತು ಅಕ್ಷರಗಳ ಉದ್ದನೆಯ ಸಂಖ್ಯೆ ಆ ಟಿಪ್ಪಣಿಯನ್ನೂ ಒಳಗೊಂಡೇ ಹುಟ್ಟುತ್ತದೆ. ಟಿಪ್ಪಣಿಯಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಗುರುತು ಬದಲಾಗಿ, ಅದರ ನಂತರದ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಎಲ್ಲರ ಕೈಗೆ ತಲುಪಿದ ಮೇಲೆ ಅದನ್ನು ತಿದ್ದುವುದು ಆಗದ ಮಾತು. ಬರೆಯುವ ಹೊತ್ತಿಗೆ ಬರೆಯದ ಕಾರಣ ಮುಂದೆ ಎಂದೂ ಅಲ್ಲಿ ಸೇರುವುದಿಲ್ಲ.

ಏನು ಬದಲಾಯಿತು ಎಂಬುದಕ್ಕೆ ಸಾಕ್ಷಿ ಕೋಡೇ ಇದೆ. ಹಳೆಯ ಸಾಲು ಕೆಂಪು, ಹೊಸ ಸಾಲು ಹಸಿರು, ಯಂತ್ರವೇ ತೋರಿಸುತ್ತದೆ. ಯಾಕೆ ಬದಲಾಯಿತು ಎಂಬುದು ಬೇರೆಲ್ಲೋ ಇರುತ್ತದೆ. ಯಾರೋ ದೂರು ಕೊಟ್ಟರು, ಇನ್ನೊಬ್ಬರು ಒಂದು ಪರಿಹಾರ ಹೇಳಿದರು, ಮೂರನೆಯವರು ಅದು ಹಳೆಯ ಫೋನಿನಲ್ಲಿ ಕೈಕೊಡುತ್ತದೆ ಎಂದರು, ವಾರಗಟ್ಟಲೆ ವಾದ ನಡೆದು ಕೊನೆಗೆ ನಾಲ್ಕನೆಯ ದಾರಿ ಹಿಡಿದರು. ಕಮಿಟ್ ಸೇರುವುದು ಆ ನಾಲ್ಕನೆಯ ದಾರಿ ಒಂದೇ. ಬಿಟ್ಟ ಮೂರು ದಾರಿಗಳು, ಬಿಟ್ಟ ಕಾರಣಗಳು ಚರ್ಚೆಯಲ್ಲಿ ಉಳಿಯುತ್ತವೆ. ಮುಂದೆ ಬರುವವನಿಗೆ ಮೊದಲು ಹೊಳೆಯುವುದು ಹೆಚ್ಚಾಗಿ ಆ ಬಿಟ್ಟ ದಾರಿಗಳೇ. ಚರ್ಚೆಯ ವಿಳಾಸ ಕಮಿಟ್‌ನಲ್ಲಿ ಇಲ್ಲದಿದ್ದರೆ ಅದೇ ವಾದ ಅದೇ ಉತ್ಸಾಹದಿಂದ ಮತ್ತೆ ಶುರುವಾಗುತ್ತದೆ.

ನಮ್ಮೂರಿನಲ್ಲಿ ಇದನ್ನು ವಿವರಿಸಬೇಕಾದಾಗ ನಾನು ಪಹಣಿ ತೋರಿಸುತ್ತೇನೆ. ಪಹಣಿ ಓದದ ಮನೆ ಈ ಕಡೆ ಇಲ್ಲ. ಗದ್ದೆ ಯಾರ ಹೆಸರಿನಲ್ಲಿದೆ ಎಂದು ಒಂದು ಕಾಲಮ್ಮು ಹೇಳಿದರೆ, ಆ ಹೆಸರು ಹೇಗೆ ಬಂತು ಎನ್ನುವುದಕ್ಕೆ ಪಕ್ಕದಲ್ಲಿ ಎಂ.ಆರ್. ಸಂಖ್ಯೆ ಇರುತ್ತದೆ. ಮ್ಯುಟೇಶನ್ ರಿಜಿಸ್ಟರಿನ ಆ ಸಂಖ್ಯೆ ಹಿಡಿದು ಹೋದರೆ ಪೌತಿಯೋ, ಪಾಲುಪಟ್ಟಿಯೋ, ಕ್ರಯಪತ್ರವೋ, ಕೋರ್ಟಿನ ಆದೇಶವೋ ಸಿಗುತ್ತದೆ. ಉತ್ತರ ಕನ್ನಡದ ಎಷ್ಟೋ ಮನೆಗಳ ದಾರಿ ಭೂನ್ಯಾಯಮಂಡಳಿಯ ಆದೇಶದವರೆಗೆ ಹೋಗುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಡಿ 7ನೆಯ ನಮೂನೆ ತುಂಬಿ, ಸಾಕ್ಷಿ ಹೇಳಿಸಿ, ಗೇಣಿದಾರ ಒಡೆಯನಾದ ಕತೆ ಅದು. ಪಹಣಿಯಲ್ಲಿ ಆ ಕತೆಯ ಒಂದು ಅಕ್ಷರವೂ ಇಲ್ಲ, ಕತೆಗೆ ಹೋಗುವ ಸಂಖ್ಯೆ ಮಾತ್ರ ಇದೆ. ಆದರೆ ತಕರಾರು ಎದ್ದ ದಿನ ಮನೆಯವರನ್ನು ಕಾಯುವುದು ಆ ಸಂಖ್ಯೆಯೇ. ಇಷ್ಟು ಹೇಳಿದರೆ ಸಾಕು, ಕಮಿಟ್‌ನಲ್ಲಿ ಚರ್ಚೆಯ ಸಂಖ್ಯೆ ಯಾಕೆ ಬರೆಯಬೇಕೆಂದು ನಮ್ಮ ಕಡೆಯ ಹುಡುಗರಿಗೆ ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ.

ಹುಡುಗರು ಎಂದೆ. ಭಟ್ಕಳದಲ್ಲಿ 1980ರಿಂದ ಅಂಜುಮನ್ ಇಂಜಿನಿಯರಿಂಗ್ ಕಾಲೇಜಿದೆ. ಕುಮಟಾ, ಹೊನ್ನಾವರದ ಪದವಿ ಕಾಲೇಜುಗಳಲ್ಲೂ ಕಂಪ್ಯೂಟರ್ ಓದುವವರಿದ್ದಾರೆ. ಅವರಲ್ಲಿ ಕೆಲವರು ಮುಕ್ತ ತಂತ್ರಾಂಶಕ್ಕೆ ಏನಾದರೂ ಮಾಡಬೇಕೆಂದು ನನ್ನನ್ನು ಕೇಳಿಕೊಂಡು ಬರುತ್ತಾರೆ. ಕನ್ನಡ ಕಾಗುಣಿತ ಪರೀಕ್ಷಕದ ಪದಪಟ್ಟಿಯಿಂದ ಶುರು ಮಾಡಿ ಎನ್ನುತ್ತೇನೆ. ಬರೆದ ಪದ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಳಗೆ ಕೆಂಪು ಗೆರೆ ಬೀಳುತ್ತದಲ್ಲ, ಆ ಪಟ್ಟಿ. ನಮ್ಮ ಕರಾವಳಿಯ ಎಷ್ಟೋ ಶಬ್ದಗಳಿಗೆ ಅಲ್ಲಿ ಇನ್ನೂ ಕೆಂಪು ಗೆರೆಯೇ ಗತಿ.

ಕುಮಟಾ ಕಡೆಯ ಒಬ್ಬ ಹುಡುಗ ಮೊದಲ ಸಲ ಕಳಿಸಿದ ಬದಲಾವಣೆಯಲ್ಲಿ ‘ಗಜನಿ’ ಎಂಬ ಪದವಿತ್ತು, ಅದರ ವಿಭಕ್ತಿ ರೂಪಗಳೂ ಇದ್ದವು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ಏರಿಳಿಯುವ ಗದ್ದೆಗೆ ಗಜನಿ ಎನ್ನುತ್ತಾರೆ. ಮಾಣಿಕಟ್ಟಾದ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಆ ಹುಡುಗನ ಅಜ್ಜನ ಮನೆ ಆ ಕಡೆ. ಅವನ ಕಮಿಟ್ ಸಂದೇಶ ಎರಡೇ ಶಬ್ದ: ಪದ ಸೇರ್ಪಡೆ.

ಪರಿಶೀಲಿಸಿದವರು ಒಳನಾಡಿನವರು. ಇದು ಘಜ್ನಿ ಮಹಮೂದನ ಊರಿನ ಹೆಸರಲ್ಲವೇ, ಅಥವಾ ಸಿನಿಮಾ ಹೆಸರೇ, ಹೆಸರುಗಳನ್ನು ಸಾಮಾನ್ಯ ಪದಪಟ್ಟಿಗೆ ಸೇರಿಸುವುದಿಲ್ಲವಲ್ಲ ಎಂದು ಕೇಳಿದರು. ಕೇಳಿದ್ದು ಸರಿಯೇ ಇತ್ತು. ಹುಡುಗ ತಾಳ್ಮೆಯಿಂದ ಉತ್ತರ ಬರೆದ. ಅಳಿವೆ ಎಂದರೇನು, ಗಜನಿಗೆ ಒಡ್ಡು ಹೇಗೆ ಹಾಕುತ್ತಾರೆ, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಹೇಗೆ ಬರುತ್ತದೆ, ಭತ್ತ ಆದ ಮೇಲೆ ಅಲ್ಲೇ ಸಿಗಡಿ, ಮೀನು ಹೇಗೆ ಹಿಡಿಯುತ್ತಾರೆ, ಎಲ್ಲ. ಇನ್ನೊಬ್ಬರು ಬಂದು ನಮ್ಮಲ್ಲಿ ಇಂಥ ಗದ್ದೆಗೆ ಬೇರೆ ಹೆಸರಿದೆ ಎಂದರು. ಮಾತು ಬೆಳೆಯಿತು. ಅಂಥ ಚಂದದ ಚರ್ಚೆ ಕನ್ನಡದಲ್ಲಿ ನಾನು ನೋಡಿದ್ದು ಕಡಿಮೆ. ಕೊನೆಗೆ ಪದ ಒಪ್ಪಿಗೆಯಾಯಿತು.

ಇದು ಇನ್ನೂ ಎಲ್ಲರ ಕೈಗೆ ತಲುಪಿಲ್ಲ, ಸಂದೇಶವನ್ನು ತಿದ್ದಿ ಬರಿ, ಈ ಚರ್ಚೆಯನ್ನು ಹೆಸರಿಸು ಎಂದೆ. ‘ಅದ್ರಲ್ಲಿ ಮತ್ತೆ ಎಂತ ಬರೂದು? ಶಬ್ದ ಸೇರ್ಸಿದ್ದು, ಅಷ್ಟೇ ಅಲ್ವಾ?’ ಎಂದ. ಐದು ವರ್ಷ ಬಿಟ್ಟು ಯಾರೋ ಪದಪಟ್ಟಿಯಲ್ಲಿ ಊರಿನ, ಸಿನಿಮಾದ ಹೆಸರುಗಳನ್ನು ಆರಿಸಿ ತೆಗೆಯಲು ಕೂರುತ್ತಾರೆ ಅಂದುಕೋ, ನಿನ್ನ ಗಜನಿಯನ್ನು ಅಲ್ಲಿ ಉಳಿಸುವವರು ಯಾರು ಎಂದು ಕೇಳಿದೆ. ಅವನು ಎರಡು ನಿಮಿಷ ಸುಮ್ಮನಿದ್ದು ಬರೆಯಲು ಕೂತ. ಹೊಸ ಸಂದೇಶ ಹೀಗಿತ್ತು. ಮೊದಲ ಸಾಲಿನಲ್ಲಿ, ಗಜನಿ ಪದ ಮತ್ತು ಅದರ ರೂಪಗಳನ್ನು ಸೇರಿಸಿದೆ. ಒಂದು ಸಾಲು ಖಾಲಿ. ಆಮೇಲೆ, ಉತ್ತರ ಕನ್ನಡದ ಅಳಿವೆಗಳಲ್ಲಿ ಉಪ್ಪುನೀರಿನ ಗದ್ದೆಗೆ ಹೀಗೆನ್ನುತ್ತಾರೆ, ಇದು ಸಾಮಾನ್ಯ ನಾಮ, ಊರಿನ ಹೆಸರೆಂಬ ಆಕ್ಷೇಪ ಬಂದಿತ್ತು, ಆಮೇಲೆ ಅದನ್ನು ಹಿಂತೆಗೆದುಕೊಂಡರು. ಕೊನೆಯಲ್ಲಿ ಚರ್ಚೆಯ ಸಂಖ್ಯೆ, ಪರಿಶೀಲಿಸಿದವರ ಹೆಸರು. ಇಡೀ ಸಂದೇಶ ಒಂದು ಅಂಚೆ ಕಾರ್ಡಿನಷ್ಟೂ ಇಲ್ಲ. ಆದರೆ ಅದರಲ್ಲಿ ಏನೂ ಬಿಟ್ಟುಹೋಗಿರಲಿಲ್ಲ.

ದೊಡ್ಡ ಯೋಜನೆಗಳಲ್ಲಿ ಇದಕ್ಕೊಂದು ಶಿಸ್ತು ಬೆಳೆದಿದೆ. ಪೋಸ್ಟ್‌ಗ್ರೆಸ್ ದತ್ತಾಂಶ ವ್ಯವಸ್ಥೆಯವರ ಕಮಿಟ್‌ಗಳನ್ನು ತೆರೆದು ನೋಡಿದರೆ ಕಾರಣವನ್ನು ಪ್ಯಾರಾಗಟ್ಟಲೆ ಬರೆದು, ಕೆಳಗೆ ಬರೆದವರು, ಪರಿಶೀಲಿಸಿದವರು, ಚರ್ಚೆ ಎಂದು ಸಾಲಾಗಿ ಕೊಟ್ಟಿರುತ್ತಾರೆ. ಚರ್ಚೆ ನಡೆದ ಮಿಂಚಂಚೆಯ ಗುರುತೇ ಅಲ್ಲಿ ವಿಳಾಸ. ಲಿನಕ್ಸ್‌ನಲ್ಲಿ ಹಿಂದೆ ಯಾವ ಕಮಿಟ್‌ನಿಂದ ತೊಂದರೆ ಬಂತೋ ಅದರ ಗುರುತಿನ ಮೊದಲ ಹನ್ನೆರಡು ಅಕ್ಷರ ಬರೆಯುವ ಸಾಲು ಬೇರೆ, ದೂರು ಕೊಟ್ಟವರ ಹೆಸರಿನ ಸಾಲು ಬೇರೆ, ಚರ್ಚೆಯ ಕೊಂಡಿಯ ಸಾಲು ಬೇರೆ. ಬರೆದವರು ಸಹಿ ಮಾಡುವ ಸಾಲು 2004ರಲ್ಲಿ ಬಂತು. ಅದರ ಹಿಂದಿನ ವರ್ಷ ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತ್ತು. ಯಾವ ಸಾಲು ಎಲ್ಲಿಂದ ಬಂತು ಎಂದು ತೋರಿಸುವ ಗರಜು ಆಗ ಎಲ್ಲರಿಗೂ ಮನದಟ್ಟಾಯಿತು.

ಹಾರ್ಫ್‌ಬಝ್‌ನ ಹಳೆಯ ಕಮಿಟ್‌ಗಳಲ್ಲಿ ನನಗೆ ಹಿಡಿಸುವ ಇನ್ನೊಂದು ಸಂಗತಿ ಇದೆ. 2012, 2013ರ ಹೊತ್ತಿಗೆ ಭಾರತೀಯ ಲಿಪಿಗಳ ಭಾಗವನ್ನು ತಿದ್ದುತ್ತಿದ್ದ ಬೆಹದಾದ್ ಎಸ್ಫಹಬೋದ್ ಅನೇಕ ಕಮಿಟ್‌ಗಳ ಜೊತೆ ಪರೀಕ್ಷೆಯ ಫಲಿತಾಂಶವನ್ನೂ ಬರೆದಿಟ್ಟಿದ್ದಾರೆ. ಬಂಗಾಳಿ, ದೇವನಾಗರಿ, ಕನ್ನಡ, ಮಲಯಾಳಂ ಹೀಗೆ ಒಂದೊಂದು ಲಿಪಿಗೆ ಒಂದೊಂದು ಸಾಲು. ಕನ್ನಡದ ಸಾಲಿನಲ್ಲಿ ಒಂಬತ್ತೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ಪೈಕಿ ಎಷ್ಟು ಪದಗಳು ಮೈಕ್ರೋಸಾಫ್ಟ್‌ನ ಅಕ್ಷರಜೋಡಣೆಯ ಜೊತೆ ತಾಳೆಯಾದವು, ಎಷ್ಟು ಆಗಲಿಲ್ಲ ಎಂಬ ಲೆಕ್ಕ. ಇರಾನಿನಲ್ಲಿ ಹುಟ್ಟಿದ ಒಬ್ಬ ಮನುಷ್ಯ ನಮ್ಮ ಒತ್ತಕ್ಷರಗಳ ಲೆಕ್ಕವನ್ನು ಹೀಗೆ ಬಿಡಿಬಿಡಿಯಾಗಿ ಬರೆದಿಟ್ಟದ್ದನ್ನು ಓದುವಾಗ ಮನಸ್ಸು ತುಂಬಿ ಬರುತ್ತದೆ. ಆ ಲೆಕ್ಕವನ್ನು ಬೇರೆಲ್ಲೋ ಇಟ್ಟು ಕಮಿಟ್‌ನಲ್ಲಿ ಬರಿಯ ಕೊಂಡಿ ಕೊಟ್ಟಿದ್ದರೆ ಇವತ್ತಿಗೆ ಅದು ಕೈಗೆ ಸಿಗುತ್ತಿತ್ತೋ ಇಲ್ಲವೋ.

ಯಾಕೆಂದರೆ ಕೊಂಡಿಗಳು ಸಾಯುತ್ತವೆ. ಗಿಟ್ ಯೋಜನೆಯಲ್ಲೇ ಇದು ಆಯಿತು. ಗಿಟ್ ಬರೆಯುವವರ ಚರ್ಚೆಯೆಲ್ಲ ಮಿಂಚಂಚೆಯಲ್ಲಿ. ಅದನ್ನು ಜೋಪಾನವಾಗಿ ಸಂಗ್ರಹಿಸಿ ಎಲ್ಲರಿಗೂ ಓದಲು ಕೊಡುತ್ತಿದ್ದದ್ದು ಜಿಮೇನ್ ಎಂಬ ತಾಣ. ನಾರ್ವೆಯ ಲಾರ್ಸ್ ಇಂಗೆಬ್ರಿಗ್ಟ್‌ಸೆನ್ ಅದನ್ನು 2002ರಿಂದ ಹೆಚ್ಚುಕಡಿಮೆ ಒಬ್ಬರೇ ನಡೆಸುತ್ತಿದ್ದರು. ಗಿಟ್‌ನ ಕಮಿಟ್‌ಗಳಲ್ಲಿ ಜಿಮೇನ್ ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿದರೆ ಎಲ್ಲರಿಗೂ ತಿಳಿಯುತ್ತಿತ್ತು. 2016ರಲ್ಲಿ ಇನ್ನು ನಡೆಸಲಾರೆ ಎಂದು ಅವರು ಕೈಬಿಟ್ಟರು, ಓದುವ ಪುಟಗಳು ಮುಚ್ಚಿದವು. ಅಷ್ಟು ವರ್ಷ ದಾರಿ ತೋರಿಸುತ್ತಿದ್ದ ಸಂಖ್ಯೆಗಳೆಲ್ಲ ರಾತ್ರಿ ಬೆಳಗಾಗುವುದರೊಳಗೆ ಬರಿಯ ಅಂಕಿಗಳಾದವು. ಅವರನ್ನು ದೂರುವುದು ತಪ್ಪು. ಒಬ್ಬ ಮನುಷ್ಯ ತನ್ನ ಕೈಯಿಂದ ಅಷ್ಟು ಕಾಲ ನಡೆಸಿದ್ದೇ ದೊಡ್ಡದು. ಆದರೆ ಮೂಲ ಮಿಂಚಂಚೆಯ ಗುರುತು ಬರೆಯದೆ ಒಂದು ತಾಣದ ಕ್ರಮಸಂಖ್ಯೆಯನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದು ಅಂದು ಗೊತ್ತಾಯಿತು. ಮಿಂಚಂಚೆಯ ಗುರುತು ಪತ್ರದ ಜೊತೆಗೇ ಹುಟ್ಟುತ್ತದೆ. ಪತ್ರ ಎಲ್ಲಿ ಹೋದರೂ ಅದು ಜೊತೆಗಿರುತ್ತದೆ. ಪೋಸ್ಟ್‌ಗ್ರೆಸ್‌ನವರ ಪದ್ಧತಿಯ ಜಾಣತನ ಇರುವುದು ಇಲ್ಲಿ.

ಕೊಂಡಿ ಸತ್ತ ಮೇಲೂ ಉಳಿಯುವುದು ಏನು ಎಂದು ನನಗೆ ಕಲಿಸಿದ್ದು ಮಾತ್ರ ಬೇರೆ ಒಬ್ಬರು. ಅವರು ನಮ್ಮ ತಾಲ್ಲೂಕಿನವರೇ ಎನ್ನಬಹುದು, ನಾಲ್ಕು ಶತಮಾನದ ಹಿಂದಿನವರು.

ಭಟ್ಕಳದಿಂದ ಒಳಗೆ, ಘಟ್ಟದ ಬುಡಕ್ಕೆ ಹೋದರೆ ಹಾಡುವಳ್ಳಿ ಸಿಗುತ್ತದೆ. ಸಂಗೀತಪುರ ಎಂಬ ಹೆಸರೂ ಅದಕ್ಕಿತ್ತು. ಈಗ ಅಡಿಕೆ ತೋಟ, ಗದ್ದೆ, ಇಪ್ಪತ್ನಾಲ್ಕು ತೀರ್ಥಂಕರರ ಬಸದಿ, ಶಾಸನಗಲ್ಲುಗಳು. ಒಂದು ಕಾಲಕ್ಕೆ ಅದು ಜೈನ ಅರಸರ ರಾಜಧಾನಿ, ವಿದ್ವಾಂಸರ ಊರು. ಅಲ್ಲಿಯ ಮಠದ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದು ಮುಗಿಸಿದ. ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿ 592 ಸೂತ್ರಗಳಾಗಿ ಕಟ್ಟಿದ. ಸೂತ್ರಗಳ ಮೇಲೆ ‘ಭಾಷಾಮಂಜರಿ’ ಎಂಬ ವೃತ್ತಿ ಇದೆ, ವೃತ್ತಿಯ ಮೇಲೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನ ಇದೆ. ಸೂತ್ರ ಎಷ್ಟು ಚಿಕ್ಕದೋ ವ್ಯಾಖ್ಯಾನ ಅಷ್ಟು ದೊಡ್ಡದು. ಒಂದು ರೂಪ ಸರಿ ಎನ್ನುವುದಕ್ಕೆ ಹಿಂದಿನ ಕನ್ನಡ ಕವಿಗಳ ಪ್ರಯೋಗವನ್ನು ಎತ್ತಿ ತೋರಿಸುತ್ತಾನೆ. ಹೀಗೇಕಾಗಬಾರದು ಎಂದು ಎದುರಾಳಿಯ ಪ್ರಶ್ನೆಯನ್ನು ಮೊದಲು ಮುಂದಿಟ್ಟು ಆಮೇಲೆ ಉತ್ತರಿಸುತ್ತಾನೆ. ಸೂತ್ರದ ಒಂದೊಂದು ಅಕ್ಷರಕ್ಕೂ ಅದರ ವಾದ ಜೊತೆಯಲ್ಲೇ ಇದೆ.

ಆ ವಾದಗಳಲ್ಲಿ ಒಂದು ಕನ್ನಡದ ಮಾನಕ್ಕೇ ಸಂಬಂಧಿಸಿದ್ದು. ಕನ್ನಡದಲ್ಲಿ ಶಾಸ್ತ್ರ ಎಲ್ಲಿದೆ, ಅದಕ್ಕೆ ಇಷ್ಟು ದೊಡ್ಡ ವ್ಯಾಕರಣ ಯಾಕೆ ಎನ್ನುವವರಿಗೆ ಅವನು ಉತ್ತರ ಕೊಡಬೇಕಿತ್ತು. ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ ‘ಚೂಡಾಮಣಿ’ ಎಂಬ ವ್ಯಾಖ್ಯಾನ ಇದೆ, ಅದರ ಪ್ರಮಾಣ 96,000 ಗ್ರಂಥ (ಶ್ಲೋಕದ ಅಳತೆ) ಎಂದು ಅವನು ಸಾಕ್ಷ್ಯ ಕೊಡುತ್ತಾನೆ. ಆ ಚೂಡಾಮಣಿ ಇಂದು ಇಲ್ಲ. ಒಂದು ಓಲೆಯೂ ಸಿಕ್ಕಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೊಂಡಿ ಸತ್ತಿದೆ.

ಆದರೂ ನಮಗೆ ಏನೆಲ್ಲ ಗೊತ್ತು ನೋಡಿ. ಅದು ಕನ್ನಡದ್ದು. ಯಾವ ಶಾಸ್ತ್ರದ ಮೇಲಿನ ವ್ಯಾಖ್ಯಾನ ಎಂಬುದು ಗೊತ್ತು. ಗಾತ್ರ ಗೊತ್ತು. ಕನ್ನಡ ಶಾಸ್ತ್ರಕ್ಕೆ ತಕ್ಕ ಭಾಷೆ ಎಂದು ಸಾಧಿಸಲು ಭಟ್ಟಾಕಳಂಕ ಅದನ್ನು ಹೆಸರಿಸಿದ ಎಂಬುದೂ ಗೊತ್ತು. ಇಂದ್ರನಂದಿಯ ‘ಶ್ರುತಾವತಾರ’ದಲ್ಲಿ ತುಂಬುಲೂರಾಚಾರ್ಯರು ಕನ್ನಡದಲ್ಲಿ ಬರೆದ ಚೂಡಾಮಣಿಯ ಪ್ರಮಾಣ 84,000 ಎಂದಿದೆ. ಅದೂ ಇದೂ ಒಂದೇ ಕೃತಿಯೇ ಎಂದು ವಿದ್ವಾಂಸರು ವಾದ ಮಾಡುತ್ತ ಬಂದಿದ್ದಾರೆ. ಹಾಗೆ ವಾದ ಮಾಡಲಾದರೂ ಸಾಧ್ಯವಾದದ್ದು ಭಟ್ಟಾಕಳಂಕ ‘ಚೂಡಾಮಣಿ ನೋಡಿ’ ಎಂದಷ್ಟೇ ಬರೆದು ಮುಂದೆ ಹೋಗದೆ, ಅದರಲ್ಲಿ ಏನಿದೆ, ಎಷ್ಟಿದೆ, ತಾನು ಯಾಕೆ ಹೆಸರಿಸುತ್ತಿದ್ದೇನೆ ಎಂಬುದನ್ನು ತನ್ನ ಮಾತಿನಲ್ಲಿ ಬರೆದದ್ದರಿಂದ. ಲೂಯಿಸ್ ರೈಸ್ 1890ರಲ್ಲಿ ಶಬ್ದಾನುಶಾಸನವನ್ನು ಅಚ್ಚು ಹಾಕಿಸಿದರು. ಓಲೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಕಂಪ್ಯೂಟರಿಗೆ ಬಂದರೂ ಆ ಸಾಕ್ಷ್ಯ ಹಾಗೇ ಉಳಿದಿದೆ.

ಹಾಡುವಳ್ಳಿಗೆ ಹೋದಾಗಲೆಲ್ಲ ನನಗೆ ಇದೇ ಯೋಚನೆ. ಬೇಕಾದ್ದು ಎರಡು. ಮೂಲಕ್ಕೆ ಕೊಂಡಿ ಬೇಕು, ಮೂಲದ ಸಾರ ಕೊಂಡಿಯ ಪಕ್ಕದಲ್ಲೇ ಬೇಕು. ಕೊಂಡಿ ಇಲ್ಲದ ಸಾರವನ್ನು ನಂಬುವುದು ಕಷ್ಟ, ತಾಳೆ ನೋಡಲು ಆಗುವುದಿಲ್ಲ. ಸಾರ ಇಲ್ಲದ ಕೊಂಡಿ ಸತ್ತ ದಿನ ಅದರ ಜೊತೆಗೇ ಎಲ್ಲ ಹೋಗುತ್ತದೆ. ಕಮಿಟ್ ಬರೆಯುವವರಿಗೆ ಇದು ಎರಡು ನಿಮಿಷ ಹೆಚ್ಚಿನ ಕೆಲಸ. ಆ ಎರಡು ನಿಮಿಷ ಕೊಡದವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೊಂಡಿಯ ಇನ್ನೊಂದು ಕೇಡು ಲೈನಸ್ ಟೊರ್ವಾಲ್ಡ್ಸ್ ಅವರನ್ನು 2025ರಲ್ಲಿ ಕೆರಳಿಸಿತು. ಲಿನಕ್ಸ್‌ನಲ್ಲಿ ಕೊಂಡಿ ಸೇರಿಸುವ ಕೆಲಸವನ್ನು ಎಷ್ಟೋ ಜನ ಯಂತ್ರಕ್ಕೆ ಬಿಟ್ಟಿದ್ದಾರೆ. ಅದು ಪ್ರತಿ ಕಮಿಟ್‌ಗೂ ಆ ಬದಲಾವಣೆಯನ್ನು, ಎಂದರೆ ಪ್ಯಾಚನ್ನು, ಕಳಿಸಿದ ಮಿಂಚಂಚೆಯ ವಿಳಾಸವನ್ನೇ ಅಂಟಿಸುತ್ತದೆ. ಕಾರಣ ಸಿಗಬಹುದೆಂದು ಹೋಗಿ ನೋಡಿದರೆ ಆಗಲೇ ಎದುರಿಗಿರುವ ಪ್ಯಾಚೇ ಅಲ್ಲೂ ಇರುತ್ತದೆ. ಇದರಿಂದ ಸಮಯ ಹಾಳು, ಹೇಳುವುದು ಏನಾದರೂ ಇದ್ದರೆ ಮಾತ್ರ ಕೊಂಡಿ ಹಾಕಿ ಎಂಬುದು ಅವರ ವಾದ. ಆ ಕೊಂಡಿಯ ಕೆಳಗೆ ಮುಂದೆ ಚರ್ಚೆ ಬೆಳೆಯಬಹುದು, ಇರಲಿ ಎನ್ನುವವರೂ ಇದ್ದಾರೆ. ನಾನು ಟೊರ್ವಾಲ್ಡ್ಸ್ ಪಕ್ಷ. ಉಲ್ಲೇಖ ಎಂದರೆ ಓದಿದವರು ಓದದವರಿಗೆ ಕೊಡುವ ಭರವಸೆ: ನಾನು ಅಲ್ಲಿಗೆ ಹೋಗಿ ಬಂದಿದ್ದೇನೆ, ನಿನಗೆ ಬೇಕಾದದ್ದು ಅಲ್ಲಿದೆ. ಅಲ್ಲಿಗೆ ಹೋಗಿಯೇ ಇರದ ಯಂತ್ರ ಆ ಭರವಸೆ ಹೇಗೆ ಕೊಟ್ಟೀತು?

ನಮ್ಮ ಕಡೆಯ ತೊಡಕು ಮಾತ್ರ ಇದಕ್ಕಿಂತ ಬೇರೆ. ನಮ್ಮ ಚರ್ಚೆಗಳಿಗೆ ವಿಳಾಸವೇ ಇರುವುದಿಲ್ಲ. ಪದಪಟ್ಟಿಯ ಕೆಲಸ ಮಾಡುವ ನಾವು ಕೆಲವರು ಆಗಾಗ ಹೊನ್ನಾವರದಲ್ಲಿ ಸೇರುತ್ತೇವೆ. ಮೂರು ತಾಲ್ಲೂಕಿಗೂ ಅದು ನಡು. ಮಾತು ಶರಾವತಿ ಸೇತುವೆ ದಾಟಿದ ಮೇಲೂ ಬಸ್ಸಿನಲ್ಲಿ ಮುಂದುವರಿಯುತ್ತದೆ, ಮನೆಗೆ ಬಂದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ದನಿಮುದ್ರಣವಾಗಿ ಇನ್ನೂ ಅರ್ಧ ಗಂಟೆ. ಒಳ್ಳೆಯ ಮಾತು ಬಂದದ್ದೆಲ್ಲ ಅಲ್ಲೇ. ಮಾರನೆಯ ದಿನ ಕಮಿಟ್‌ನಲ್ಲಿ ಯಾವ ಸಂಖ್ಯೆ ಬರೆಯುವುದು? ಫೋನ್ ಬದಲಾದರೆ ಆ ದನಿಯೂ ಹೋಗುತ್ತದೆ.

ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಸೇರಿದ ದಿನ ಸಂಜೆಯೊಳಗೆ ಸರದಿ ಬಂದವರು ಆ ದಿನದ ಮಾತನ್ನೆಲ್ಲ ಯೋಜನೆಯ ಇಶ್ಯೂವಿನಲ್ಲಿ ಬರೆಯಬೇಕು. ಕನ್ನಡದಲ್ಲೇ ಬರೆಯಬೇಕು, ಯಾಕೆಂದರೆ ವಾದ ನಡೆದದ್ದು ಕನ್ನಡದಲ್ಲಿ. ಇಂಗ್ಲಿಷಿಗೆ ತಂದರೆ ಅರ್ಧ ಖಾರ ಇಳಿದುಹೋಗುತ್ತದೆ. ಹೊರಗಿನವರಿಗೆ ಬೇಕಾಗುವಂಥದ್ದಾದರೆ ಕಮಿಟ್ ಸಂದೇಶದಲ್ಲಿ ಇಂಗ್ಲಿಷ್ ಸಾರ ಇದ್ದೇ ಇರುತ್ತದೆ. ಸೋತ ವಾದವನ್ನು ಸೋತವರು ತಾವೇ ಬರೆಯಬೇಕು, ಗೆದ್ದವರು ಬರೆಯುವಂತಿಲ್ಲ. ಈ ಕೊನೆಯ ನಿಯಮ ಹೇಳಿದ್ದು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ನಿವೃತ್ತ ಮೇಷ್ಟ್ರು. ಬೇರೆಯವರು ಬರೆದರೆ ಎಷ್ಟು ಪ್ರಾಮಾಣಿಕರಾದರೂ ಎದುರಾಳಿಯ ಬಲವಾದ ಮಾತು ಕೈತಪ್ಪಿ ದುರ್ಬಲವಾಗುತ್ತದೆ ಎಂಬುದು ಅವರ ಅನುಭವ.

ಹೋದ ಸಲದ ಜಗಳ ಕುಮಟಾ ಎಂದೋ ಕುಮಟೆ ಎಂದೋ ಎಂಬುದು. ಊರ ಹೆಸರುಗಳಿಗೆ ಬೇರೆಯೇ ಪಟ್ಟಿ ಇದೆ, ಅದರಲ್ಲಿ ಯಾವುದು ಇರಬೇಕು? ರೈಲು ನಿಲ್ದಾಣದ ಹಲಗೆ ನೋಡಿ ಎಂದರು ಒಬ್ಬರು. ಹಳೆಯ ಲೇಖಕರು ಕುಮಟೆ ಎಂದೂ ಬರೆದಿದ್ದಾರೆ ಎಂದರು ಇನ್ನೊಬ್ಬರು. ಒಂದನ್ನು ಒಪ್ಪಿದರೆ ಕುಮಟಾದಲ್ಲಿ, ಕುಮಟಾದಿಂದ ಎಂಬ ರೂಪಗಳು, ಇನ್ನೊಂದನ್ನು ಒಪ್ಪಿದರೆ ಕುಮಟೆಯಲ್ಲಿ, ಕುಮಟೆಯಿಂದ ಎಂಬ ರೂಪಗಳು. ಯಾವುದನ್ನು ಬಿಟ್ಟರೂ ಊರಿನ ಅರ್ಧ ಜನ ಬರೆದದ್ದಕ್ಕೆ ಕೆಂಪು ಗೆರೆ ಬೀಳುತ್ತದೆ. ಎರಡೂ ಇರಲಿ ಎಂದು ತೀರ್ಮಾನವಾಯಿತು. ಮೇಷ್ಟ್ರು ಒಪ್ಪಲಿಲ್ಲ. ಪದಪಟ್ಟಿ ಇರುವುದೇ ಒಂದು ರೂಪ ನಿಲ್ಲಿಸುವುದಕ್ಕೆ, ಎಲ್ಲವನ್ನೂ ಒಪ್ಪುವ ಪಟ್ಟಿ ಯಾರಿಗೂ ದಾರಿ ತೋರಿಸುವುದಿಲ್ಲ ಎಂಬುದು ಅವರ ನಿಲುವು. ಆ ರಾತ್ರಿಯೇ ಅವರು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಆರು ಪ್ಯಾರಾ ಬರೆದರು, ಕೊನೆಗೆ ತಮ್ಮ ಹೆಸರು ಹಾಕಿದರು. ಎರಡೂ ರೂಪಗಳನ್ನು ಸೇರಿಸಿದ ಕಮಿಟ್ ಬರೆದದ್ದು ನಾನು. ಅದರಲ್ಲಿ ಮೂರು ಸಾಲು ನಮ್ಮ ಕಾರಣ, ಮೂರು ಸಾಲು ಅವರ ಆಕ್ಷೇಪ, ಅದರ ಕೆಳಗೆ ಅವರ ಆರು ಪ್ಯಾರಾ ಇರುವ ಇಶ್ಯೂವಿನ ಸಂಖ್ಯೆ.